ಕೆಂಡ ಆರುವ ಮೊದಲೇ ಎಳೆದ ಮುಚ್ಚಳ

ನರಿನ್ ಕಣಿವೆಯ ಚಳಿ ಗೊತ್ತಲ್ಲ, ಬಗ್ಗಿಸಿದ ಚಹಾ ಬಾಯಿಗೆ ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಅದಕ್ಕೇ ಜುರಾಕಾನಜ್ಜಿ ಕಬ್ಬಿಣದ ಒಲೆಯಲ್ಲಿ ಕಲ್ಲಿದ್ದಲು ಕೆಂಪಾದ ಕೂಡಲೇ ಬಿಸಿ ಹೊರಗೆ ಹೋಗದಂತೆ ಹೊಗೆಕೊಳವೆಯ ಮುಚ್ಚಳ ಎಳೆದು, ಮೊಮ್ಮಗನ ತೊಟ್ಟಿಲನ್ನು ಒಲೆಯ ಪಕ್ಕಕ್ಕೆ ಸರಿಸುತ್ತಿದ್ದಳು. ಅವಳ ಅತ್ತೆ ಮಾಡುತ್ತಿದ್ದುದೂ ಹಾಗೇ.

ಒಂದು ಮಧ್ಯಾಹ್ನ ಸೊಸೆ ಕನಿಶಾಯ್ ಹಣೆ ಒತ್ತಿಕೊಂಡು ಕೂತಳು. "ಅತ್ತೆ, ತಲೆ ಸಿಡೀತಿದೆ. ವಾಂತಿ ಬಂದಂಗಾಗ್ತಿದೆ."

"ಇನ್ನೊಂದು ತೊಟ್ಟಿಲು ಹುಡುಕೋದಾ ಹಾಗಾದ್ರೆ?" ಅಜ್ಜಿ ನಕ್ಕಳು. ಅವಳ ತಲೆಯೂ ಗಿರ್ರೆನ್ನುತ್ತಿತ್ತು, ಹೇಳಿಕೊಳ್ಳಲಿಲ್ಲ.

ಅಷ್ಟರಲ್ಲಿ ಮಗುವಿಗೆ ಲಸಿಕೆ ಹಾಕಲು ಬಂದ ದಾದಿ ಕೆಂಜೆಗುಲ್ ಹೊಸ್ತಿಲಲ್ಲೇ ನಿಂತಳು.

"ಕೆಂಡ ಇರುವಾಗಲೇ ಮುಚ್ಚಳ ಎಳೆದದ್ದು ಯಾರು? ಬಾಗಿಲು ತೆಗೀರಿ! ಎಲ್ಲ ಹೊರಗೆ ನಡೀರಿ!"

"ಅಯ್ಯೋ, ಮಗೂಗೆ ಶೀತ ಆಗುತ್ತಲ್ಲೇ! ಹೊಗೆ ಎಲ್ಲಿದೆ ಇಲ್ಲಿ? ವಾಸನೆನೂ ಇಲ್ಲ," ಅಜ್ಜಿ ತಡೆದಳು.

"ಅದೇ ಮಾರಿ, ಅಕ್ಕಾ! ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ. ಕೊಳವೆ ಮುಚ್ಚಿದ್ರೆ ಕೆಂಡದ ವಿಷಗಾಳಿ ಮನೆಯೊಳಗೇ ತುಂಬುತ್ತೆ. ಮಗು ಎಲ್ಲಿ?"

ಕೂಗಿ ಕರೆದರೂ ಮಗು ಕಣ್ಣು ಬಿಡಲಿಲ್ಲ. ಮಗುವನ್ನು ತೊಟ್ಟಿಲಿಗೆ ಬಿಗಿದಿದ್ದ ಪಟ್ಟಿ ಬಿಚ್ಚಲು ಹೋದ ಅಜ್ಜಿಗೆ ಬೆರಳೇ ಆಡಲಿಲ್ಲ. ಕೆಂಜೆಗುಲ್ ಪಟ್ಟಿ ಕಿತ್ತು, ಮಗುವನ್ನು ಕುರಿಚರ್ಮದಲ್ಲಿ ಸುತ್ತಿ ಅಂಗಳಕ್ಕೆ ಓಡಿದಳು. ಅತ್ತೆ, ಸೊಸೆ ತಡವರಿಸುತ್ತ ಹಿಂದೆಯೇ ಹೊರಬಂದರು.

"ಅಳೋ ನನ್ನಪ್ಪ, ಒಂದ್ಸಲ ಅಳೋ!" ಅಜ್ಜಿ ಹಿಮದಲ್ಲೇ ಕುಸಿದು ಗೋಗರೆದಳು.

ಎಷ್ಟೋ ಹೊತ್ತಿನ ಮೇಲೆ, ಸಣ್ಣಗೆ, ಮಗು ಅತ್ತಿತು. ಪಕ್ಕದ ಮನೆಯವರ ಕಾರಿನಲ್ಲಿ ಮೂವರನ್ನೂ ಆಸ್ಪತ್ರೆಗೆ ಸಾಗಿಸಿದರು. ಆಮ್ಲಜನಕ ಕೊಟ್ಟ ಮೇಲೆ ಮೂವರೂ ಚೇತರಿಸಿಕೊಂಡರು.

ಮನೆಗೆ ಬಂದ ಮೇಲೆ ಮಗ ಕುಬಾತ್ ಕೇಳಿದ: "ಅವ್ವಾ, ಸಂತೇಲಿ ಎರಡು ಥರದ ಒಲೆ ಇದಾವೆ. ಒಂದು ಇದೇ ತೆಳು ಕಬ್ಬಿಣದ್ದು, ಬೇಗ ಕಾಯುತ್ತೆ. ಇನ್ನೊಂದು ಒಳಗೆ ಇಟ್ಟಿಗೆ ಕಟ್ಟಿದ್ದು. ಯಾವುದು ತರಲಿ?"

"ಇಟ್ಟಿಗೇದು ಕಾಯೋಷ್ಟರಲ್ಲಿ ನಾವು ಹೆಪ್ಪುಗಟ್ಟಿರ್ತೀವಿ," ಅಜ್ಜಿ ಗೊಣಗಿದಳು.

ನೋಡಲು ಬಂದಿದ್ದ ಕೆಂಜೆಗುಲ್ ಹೇಳಿದಳು: "ಕಾಯೋದು ನಿಧಾನ ನಿಜ, ಅಕ್ಕಾ. ಆದ್ರೆ ಬೆಂಕಿ ಆರಿದ ಮೇಲೂ ಬಿಸಿ ಕೊಡ್ತಾನೇ ಇರುತ್ತೆ. ಶಾಖ ಉಳಿಸೋಕೆ ಮುಚ್ಚಳ ಎಳೆಯೋ ಕೆಲಸ ಇರಲ್ಲ."

ಅಜ್ಜಿ ಮಲಗಿದ್ದ ಮೊಮ್ಮಗನನ್ನೇ ನೋಡಿದಳು. "ಇಟ್ಟಿಗೇದೇ ತಾರೋ. ಕೊಳವೆಗೆ ಮುಚ್ಚಳವೇ ಇಡಿಸಬೇಡ. ನನ್ನ ಕೈಯನ್ನ ನಾನೇ ನಂಬಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಒಲೆ ಕೊಳ್ಳುವಾಗ ಎಷ್ಟು ಬೇಗ ಕಾಯುತ್ತದೆ ಎಂದಷ್ಟೇ ಕೇಳಬೇಡಿ, ಬಿಸಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದೂ ಕೇಳಿ. ಒಲೆ ಯಾವುದೇ ಇರಲಿ, ಕೊಳವೆಯ ಮಸಿ ತೆಗೆಸಿ, ಕೆಂಡ ಪೂರಾ ಆರುವ ತನಕ ಅದನ್ನು ಮುಚ್ಚಬೇಡಿ. ಮನೆಮಂದಿಗೆಲ್ಲ ಒಟ್ಟಿಗೇ ತಲೆನೋವು ಬಂದರೆ ಹಿಮ ಸುರಿಯುತ್ತಿದ್ದರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಚಳಿಗೆ ಇನ್ನೊಂದು ಕಂಬಳಿ ಹೊದೆಯಬಹುದು. ಹೋದ ಮಗುವನ್ನು ಎಲ್ಲಿಂದ ತರುತ್ತೀರಿ?