ಕೂಳೆ ತುಳಿಯುವ ಗಾಡಿ

ಭಾನುವಾರ ಕೆಂಡದ ಮೇಲೆ ಮಾಂಸ ಸುಡುವಾಗ ನನ್ನ ಹಳೇ ಪಿಕಪ್ ಗಾಡಿಯನ್ನು ಆಡಿಕೊಳ್ಳದಿದ್ದರೆ ತಮ್ಮ ಒಲಿಂದೊನಿಗೆ ಉಂಡದ್ದು ಅರಗುವುದಿಲ್ಲ.

“ತೊರೀನೊ ಕಾರಿಗೆ ನಮ್ಮಜ್ಜ ಬಿಟ್ಟುಬಂದ ಊರಿನ ಹೆಸರು, ಮೂತಿ ಮೇಲೆ ಗೂಳಿ. ಫಾಲ್ಕನ್ ಕಾರು ಅಂದ್ರೆ ಗಿಡುಗ. ನಿಂದೇನಕ್ಕಾ? ರಾಸ್ತ್ರೊಹೇರೊ! ಕೂಳೆ ತುಳಿಯೋನು! ಬೇರೆ ಹೆಸರೇ ಸಿಗ್ಲಿಲ್ವಾ?”

“ಕೊಯ್ಲು ಮುಗಿದ್ಮೇಲೆ ನಮ್ಮ ಕಾಲಡಿ ಇರೋದು ಗಿಡುಗ ಅಲ್ಲ ಕಣೋ, ಕೂಳೆ. ಇದನ್ನ ಮಾಡ್ದೋರು ನಮ್ಮ ಕೊರ್ದೊಬಾ ಫ್ಯಾಕ್ಟರಿಯೋರು, ಅವ್ರಿಗೆ ಗೊತ್ತಿತ್ತು. ಮುಚ್ಕೊಂಡು ತಿನ್ನು.”

ಅಂದೇ ಸಂಜೆ ಸುದ್ದಿ ಬಂತು. ಪಕ್ಕದ ಹೊಲದವರು ಬೆಳಿಗ್ಗೆ ವಿಷ ಹೊಡೆಸುತ್ತಾರಂತೆ. ನನ್ನ ಜೇನುಪೆಟ್ಟಿಗೆಗಳೆಲ್ಲ ಅದೇ ಬೇಲಿಯ ಬುಡದಲ್ಲಿವೆ. ಗಂಡ ಸತ್ತಮೇಲೆ ನನ್ನನ್ನು ಸಾಕಿದ್ದು ಆ ಹುಳುಗಳು. ರಸ್ತೆಯೋ ಮಳೆನೀರಿನಡಿ, ಉಳಿದ ದಾರಿ ಮೆಕ್ಕೆಜೋಳದ ಕೂಳೆ ಹೊಲವೊಂದೇ. ಒಲಿಂದೊನ ಹೊಸ ಗಾಡಿಯ ಅಗಲ ಟೈರಿಗೆ ಆ ಮೊನೆಗಳು ಚುಚ್ಚಿದರೆ ಮುಗಿಯಿತು. ನನ್ನದರ ಸಪೂರ ಚಕ್ರ ಸಾಲುಗಳ ನಡುವೆ ನುಸುಳುತ್ತದೆ.

ನಮ್ಮಲ್ಲಿ ಚಳಿಗಾಲ ಮುಗಿಯುವ ಸೆಪ್ಟೆಂಬರಿನ ಚಳಿಯಲ್ಲಿ, ಹುಳುಗಳು ಹೊರಡುವ ಮೊದಲೇ ಇಬ್ಬರೂ ನನ್ನ ಗಾಡಿಯಲ್ಲಿ ಹೋದೆವು. ಪೆಟ್ಟಿಗೆಗಳ ಬಾಯಿ ಮುಚ್ಚಿ ಏರಿಸುವಷ್ಟರಲ್ಲಿ ಇಂಜಿನ್ ತಣ್ಣಗಾಗಿತ್ತು. ನಾನು ಹಗ್ಗ ಬಿಗಿಯುತ್ತಿದ್ದಾಗ ಒಲಿಂದೊ ಮುಂದೆ ಹತ್ತಿ ಕೀಲಿ ತಿರುಗಿಸಿಯೇಬಿಟ್ಟ. ಹಳೇ ಡೀಸೆಲ್ ಅದು. ಒಳಗಿನ ತಂತಿಸುರುಳಿ ಕೆಂಪಾಗುವವರೆಗೆ ಕಾಯಬೇಕು. ಅವನು ತಿರುಗಿಸಿದ, ಮತ್ತೆ ತಿರುಗಿಸಿದ, ಬ್ಯಾಟರಿ ಸತ್ತೇಹೋಯಿತು.

“ಅಯ್ಯೋ ಮುಂಡೇದೇ! ಕಾಯೋಕೇನಾಗಿತ್ತು ನಿಂಗೆ?”

“ಬೇಗ ಹೋಗ್ಬೇಕಿತ್ತಲ್ಲಕ್ಕಾ...”

ಆಗಲೇ ಬೇಲಿಯಾಚೆ ಸದ್ದು. ನಮ್ಮ ಕಡೆ ‘ಸೊಳ್ಳೆ’ ಎಂದೇ ಕರೆಯುವ ವಿಷ ಸಿಂಪಡಿಸುವ ಯಂತ್ರ, ಉದ್ದ ಕಾಲಿನದು, ಎರಡೂ ತೋಳು ಬಿಚ್ಚಿ ಬರುತ್ತಿತ್ತು. ನಾನು ಬೇಲಿ ನುಸುಳಿ ಅದರೆದುರು ನಿಂತೆ. ಕದಲಲಿಲ್ಲ.

“ಅಜ್ಜೀ, ಪಕ್ಕಕ್ಕೆ ಹೋಗಿ!” ಎಂದು ಚಾಲಕ ಮೇಲಿಂದ ಕೂಗಿದ.

“ಅಜ್ಜಿ ಅಂತೆ! ನಿಮ್ಮಪ್ಪನ್ನ ಹೆತ್ತೋಳನ್ನ ಕರಿ ಹಾಗಂತ. ಹುಳುಗಳ ಮೇಲೆ ಹೊಡೀಬೇಕಂದ್ರೆ ಮೊದ್ಲು ನನ್ಮೇಲೆ ಹೊಡಿ.”

“ನಂಗೂ ಹೊಟ್ಟೆಪಾಡಮ್ಮಾ. ನಿಮ್ಮ ಗಾಡಿ ತಗೊಂಡು ಹೊರಡಿ.”

“ಹೊರಡಲ್ಲ ಅಂದ್ನಾ ನಾನು? ಗಾಡಿ ಸತ್ತಿದೆ. ಗೇಟು ಅಲ್ಲಿದೆ, ಬಾ, ಹಗ್ಗ ಕಟ್ಟಿ ಎಳಿ.”

ಅವನು ಬಾಯಿಬಿಟ್ಟುಕೊಂಡು ನೋಡಿದ. “ಈ ಸೊಳ್ಳೇಲಾ?”

“ಮತ್ತೇನು ಕುದುರೇಲಾ? ಬಾ ಈಚೆ!”

ಅವನು ಯಂತ್ರದ ತೋಳು ಮಡಚಿ, ಗೇಟು ದಾಟಿಸಿ ತಂದು ಹಗ್ಗ ಕಟ್ಟಿದ. ಒಲಿಂದೊನನ್ನು ಹಿಂದೆ ಪೆಟ್ಟಿಗೆ ಹಿಡಿದುಕೊಳ್ಳಲು ಅಟ್ಟಿ ನಾನು ಸ್ಟಿಯರಿಂಗಿಗೆ ಕುಳಿತೆ. ಗಾಡಿ ಕೂಳೆಯ ಮೇಲೆ ಕುಲುಕುತ್ತಾ ಹೊರಟಿತು. ಕ್ಲಚ್ ಬಿಟ್ಟೆ, ಕೆಮ್ಮಿತು, ನಿಂತಿತು. ಇನ್ನೊಮ್ಮೆ ಬಿಟ್ಟೆ. ಬಿಡುತ್ತಲೇ ಇದ್ದೆ. ಕೊನೆಗೂ ಕಪ್ಪು ಹೊಗೆ ಕಾರಿ ಇಂಜಿನ್ ಎದ್ದಿತು. ಹಿಂದಿನಿಂದ ಹುಳುಗಳ ಗುಂಯ್ಗುಟ್ಟುವಿಕೆ ಕೇಳಿದಾಗ ಅಳು ಬಂತು, ಅತ್ತುಬಿಟ್ಟೆ.

ಚಾಲಕ ಹಗ್ಗ ಬಿಚ್ಚಿ ನನ್ನ ಕಿಟಕಿಗೆ ಬಂದ.

“ದೂರ ಹೋಗಿ ಅಮ್ಮಾ, ತುಂಬ ದೂರ. ಗಾಳಿ ನಿಮ್ಮ ಕಡೆಗೇ ಬೀಸ್ತಿದೆ. ನೀವು ಕಣ್ಮರೆ ಆಗೋವರೆಗೂ ನಾನು ಶುರು ಮಾಡಲ್ಲ.”

ನಾನು ಗೇರು ಹಾಕಿದೆ.