ಗಂಟೆ ನಿಲ್ಲಿಸುವ ಚಾವಿ

ತಮ್ಮ ತುಟಿ ನೀಲಿಯಾದದ್ದು ಅಮ್ಮಣ್ಣಿಗೆ ಗೊತ್ತೇ ಆಗಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದರು. ಕರೆಂಟ್ ಹೋಯಿತು. ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಗುರ್ರೆನ್ನುತ್ತಿದ್ದ ಆಕ್ಸಿಜನ್ ಯಂತ್ರ ನಿಂತಿತು. ಗಾಳಿ ಬಾರದ ಕೊಳವೆಯನ್ನು ಮೂಗಿನಲ್ಲಿಟ್ಟುಕೊಂಡೇ ಅವರು ಇನ್ನೂ ಗಾಢವಾದ ನಿದ್ದೆಗೆ ಜಾರಿದರು.

ಆ ದಿನ ಸೊಸೆ ಹರಿಪ್ರಿಯಾ ನೆಗಡಿಯೆಂದು ಆಫೀಸಿಗೆ ಹೋಗಿರಲಿಲ್ಲ. ಮನೆ ಯಾಕೋ ತೀರಾ ನಿಶ್ಶಬ್ದವಾಗಿದೆ ಅನ್ನಿಸಿ ಕೋಣೆಗೆ ಬಂದಳು. ಅತ್ತೆಯ ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗಿತ್ತು. ಎಬ್ಬಿಸಿ, ಕೂರಿಸಿ, ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರಿನ ಚಾವಿಗಾಗಿ ಮನೆಯೆಲ್ಲ ಹುಡುಕಿ, ಕೊನೆಗೆ ಅದು ಫ್ರಿಜ್ಜಿನ ಮೇಲೆ ಸಿಕ್ಕಿ, ಕೊಳವೆ ಬದಲಿಸುವಷ್ಟರಲ್ಲಿ ಅವಳ ಸೀರೆ ಬೆವರಿನಲ್ಲಿ ನೆಂದುಹೋಗಿತ್ತು. ಅಮ್ಮಣ್ಣಿ ಕಣ್ಣು ಬಿಟ್ಟರು.

"ಏನೇ ಹಾಗ್ ನೋಡ್ತೀ? ನನ್ನ ಮುಖದ ಮೇಲೆ ಕೋತಿ ಕುಣೀತಿದ್ಯಾ?"

ಹರಿಪ್ರಿಯಾ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ಕರೆಂಟ್ ಹೋದರೆ ಆ ಯಂತ್ರ ಕೂಗಬೇಕಿತ್ತು. ಬಾಡಿಗೆಗೆ ತಂದಾಗ ಅಂಗಡಿಯವನು ಹಾಗೆಂದೇ ಹೇಳಿದ್ದ. ಮರುದಿನ ಅವನನ್ನು ಕರೆಸಿ ಹಿಂದಿನ ಮುಚ್ಚಳ ತೆಗೆಸಿದರೆ, ಬ್ಯಾಟರಿ ಇರಬೇಕಾದ ಗೂಡು ಖಾಲಿ. ಕಿಲುಬು ಹಿಡಿದ ಎರಡು ತಂತಿ ಮಾತ್ರ ಅಲ್ಲಿದ್ದವು. "ಅಲಾರಂ ಬೇಕೂಂತ ಯಾರೂ ಕೇಳೋದಿಲ್ಲಮ್ಮಾ, ಸದ್ದು ಜಾಸ್ತಿ ಅಂತ ಅವರೇ ತೆಗೆಸ್ತಾರೆ" ಎಂದು ಅವನು ತಮಿಳಿನಲ್ಲಿ ಹೇಳಿ, ಹೊಸ ಬ್ಯಾಟರಿ ಹಾಕಿ ಹೋದ. ಯಂತ್ರ ಈಗ ಕೂಗುತ್ತಿತ್ತು, ಗುಬ್ಬಿಮರಿಯ ಹಾಗೆ. ಪಕ್ಕದ ಕೋಣೆಗೂ ಕೇಳಿಸುತ್ತಿರಲಿಲ್ಲ.

ಅದು ಎರಡು ಸಾವಿರದ ಎಂಟನೇ ಇಸವಿಯ ಸೆಪ್ಟೆಂಬರ್. ಪಾಳಿಯ ಪ್ರಕಾರ ದಿನವೂ ಕರೆಂಟ್ ಹೋಗುತ್ತಿತ್ತು, ಪಾಳಿ ತಪ್ಪಿಯೂ ಹೋಗುತ್ತಿತ್ತು. ಅಮ್ಮಣ್ಣಿಯ ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತ ಬಂದು ಒಂದು ವರ್ಷವಾಗಿತ್ತು. ಯಂತ್ರವಿಲ್ಲದೆ ಹತ್ತು ಹೆಜ್ಜೆ ನಡೆಯಬಲ್ಲರು, ಎರಡು ಮಾತಾಡಬಲ್ಲರು. ನಿದ್ದೆ ಮಾತ್ರ ಅಪಾಯ. ದೇವರ ದೀಪವನ್ನು ಅವರೇ ಅಡುಗೆಮನೆಯ ಆಚೆ ತುದಿಗೆ ಸ್ಥಳಾಂತರ ಮಾಡಿಸಿದ್ದರು. "ಆಕ್ಸಿಜನ್ ಹತ್ರ ಬೆಂಕಿ ಇಟ್ಕೊಂಡ್ರೆ ರಾಯರೂ ಬಂದು ಕಾಪಾಡಲ್ಲ" ಎಂದು ನಾದಿನಿಗೆ ಫೋನಿನಲ್ಲಿ ಹೇಳಿ ಬೈಸಿಕೊಂಡಿದ್ದರು.

ಅಂಗಡಿಯವನು ಬಂದುಹೋದ ಸಂಜೆ, ಊರಿನ ಇನ್ನೊಂದು ತುದಿಯ ಪ್ಯಾರೀಸ್ ಪೇಟೆಯ ಆಫೀಸಿನಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಬಂದ ಮಗ ಸುಜಯೀಂದ್ರ, ಚೀಲ ಇಡುವ ಮೊದಲೇ ತೀರ್ಮಾನ ಹೇಳಿದ.

"ಹರಿ ಕೆಲಸ ಬಿಡ್ಲಿ."

"ಯಾಕೋ? ಕರೆಂಟ್ ತೆಗೆದದ್ದು ಅವಳಾ?" ಎಂದರು ಅಮ್ಮಣ್ಣಿ.

"ಅಮ್ಮಾ, ವಿಳಯಾಟ್ಟು ಬೇಡ, ತಮಾಷೆ ಸಾಕು. ಹಗಲೆಲ್ಲ ಮನೇಲಿ ಒಬ್ರು ಇರ್ಲೇಬೇಕು."

"ಒಬ್ರು ಅಂದ್ರೆ ನೀನೂ ಒಬ್ಬನೇ ತಾನೇ? ನೀನು ಬಿಡು."

ಸುಜಯೀಂದ್ರ ಶೂ ಬಿಚ್ಚುವುದರಲ್ಲಿ ಮಗ್ನನಾದ. ಅವನು ಕೆಟ್ಟವನಲ್ಲ. ತಾಯಿಯೆಂದರೆ ಪ್ರಾಣ. ಆ ಪ್ರಾಣವನ್ನು ಕಾಯಲು ಹೆಂಡತಿಯನ್ನು ಬಿಟ್ಟು ಬೇರೆ ಯಾರೂ ಅವನ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಹರಿಪ್ರಿಯಾಳಿಗೆ ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಸಿಕ್ಕಿದ ಮೊದಲ ಕೆಲಸ ಅದು. ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುತ್ತಿದ್ದಳು. ಬೆಳಿಗ್ಗೆ ಎಂಟೂಕಾಲಿಗೆ ಕ್ಯಾಬ್ ಬಂದು ಹಾರ್ನ್ ಹೊಡೆದರೆ, ಅವಳು ಮೆಟ್ಟಿಲಿಳಿಯುವ ಸದ್ದೇ ಬೇರೆಯಾಗಿರುತ್ತಿತ್ತು. ಆ ಸದ್ದನ್ನು ಅಮ್ಮಣ್ಣಿ ದಿನವೂ ಕೇಳುತ್ತಿದ್ದರು.

"ನಂಗೇನಿಲ್ಲ ಅತ್ತೆ," ಎಂದಳು ಹರಿಪ್ರಿಯಾ ಮೆಲ್ಲಗೆ, "ಬಿಡ್ತೀನಿ."

ಅಮ್ಮಣ್ಣಿಗೆ ಮಗನ ಮೇಲಿಗಿಂತ ಸೊಸೆಯ ಮೇಲೆ ಹೆಚ್ಚು ಸಿಟ್ಟು ಬಂತು. "ಬಿಡ್ತೀಯಾ? ನಾನು ಉಸಿರಾಡೋದು ಗಾಳೀನ. ನಿನ್ನ ಕೆಲಸಾನ ಅಲ್ಲ." ಇಷ್ಟು ಹೇಳುವಷ್ಟರಲ್ಲಿ ಏದುಸಿರು ಬಂತು. ಕೈಯೆತ್ತಿ ಇಬ್ಬರನ್ನೂ ತಡೆದು, ಸುಧಾರಿಸಿಕೊಂಡು ಮುಂದುವರಿಸಿದರು. "ತಿಂಗಳ ಕೊನೆ ತನಕ ಟೈಮ್ ಕೊಡು, ಸುಜಿ. ಹನ್ನೆರಡು ದಿನ ಇದೆ. ಅಲ್ಲೀವರೆಗೂ ಅವಳ ಬದಲು ನೀನು ರಜೆ ಹಾಕು. ಅಷ್ಟರಲ್ಲಿ ನಾನೊಬ್ಬಳೇ ಇರಬಲ್ಲೆ ಅಂತ ತೋರಿಸ್ತೀನಿ. ತೋರಿಸಕ್ಕಾಗ್ದಿದ್ರೆ ನೀನು ಹೇಳಿದ್ ಹಾಗೆ."

ಅಮ್ಮಣ್ಣಿ ಬರಿಯ ಬಾಯಿಮಾತಿನವರಲ್ಲ. ಗಂಡ ರೈಲ್ವೆಯಲ್ಲಿ ಸಿಗ್ನಲ್ ಫಿಟ್ಟರ್ ಆಗಿದ್ದವರು, ಎಪ್ಪತ್ನಾಲ್ಕನೇ ಇಸವಿಯಲ್ಲಿ ತೀರಿಕೊಂಡಾಗ ಇಲಾಖೆಯವರು ಅವರ ಬದಲು ಹೆಂಡತಿಗೆ ಖಲಾಸಿ ಕೆಲಸ ಕೊಡುತ್ತೇವೆಂದರು. ಮಡಿಹೆಂಗಸು ರೈಲ್ವೆ ಶೆಡ್ಡಿನಲ್ಲಿ ಎಣ್ಣೆ ಒರೆಸುವುದೇ ಎಂದು ಮಾಂಬಲದ ಬಂಧುಗಳೆಲ್ಲ ಹೌಹಾರಿದರು. "ನೀವು ತಿಂಗಳಿಗೆ ಎರಡು ಮೂಟೆ ಅಕ್ಕಿ ಕಳ್ಸೋದಾದ್ರೆ ಹೋಗಲ್ಲ" ಎಂದರು ಮೂವತ್ತೊಂದರ ಅಮ್ಮಣ್ಣಿ. ಅಕ್ಕಿ ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷ ತಾಂಬರದ ಯಾರ್ಡಿನಲ್ಲಿ ಸಿಗ್ನಲ್ಲಿನ ಸ್ವಿಚ್ಚುಗಳಾದ ರಿಲೇಗಳನ್ನು ಉಜ್ಜಿ, ತಂತಿ ಜೋಡಿಸಿ, ಕೊನೆಗೆ ಫಿಟ್ಟರ್ ಆಗಿಯೇ ನಿವೃತ್ತರಾದರು. ಆ ಯಾರ್ಡು ಅವರಿಗೆ ಒಂದು ವಿಷಯವನ್ನು ಚೆನ್ನಾಗಿ ಕಲಿಸಿತ್ತು: ಸಿಗ್ನಲ್ಲನ್ನು ಹಸಿರಿನಲ್ಲಿ ಹಿಡಿದಿಡಲು ಕರೆಂಟ್ ಬೇಕು, ಕೆಂಪಾಗಲು ಏನೂ ಬೇಡ. ತಂತಿ ತುಂಡಾಗಲಿ, ಕರೆಂಟ್ ಹೋಗಲಿ, ತಾನಾಗಿಯೇ ಕೆಂಪಿಗೆ ಬೀಳಬೇಕು.

ಮರುದಿನ ಹರಿಪ್ರಿಯಾ ಆಫೀಸಿನಿಂದ ಬರುವಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ಹೋಗಿ ಅತ್ತೆ ಬರೆದುಕೊಟ್ಟದ್ದನ್ನೆಲ್ಲ ತಂದಳು: ಒಂದು ರಿಲೇ, ಒಂದು ಪುಟ್ಟ ಬ್ಯಾಟರಿ, ಶಾಲೆಯಲ್ಲಿ ಹೊಡೆಯುವಂಥ ಎಲೆಕ್ಟ್ರಿಕ್ ಗಂಟೆ. ಕಿಡಿ ಹಾರುವ ಕೆಲಸವಾದ್ದರಿಂದ ಬಾಲ್ಕನಿಯಲ್ಲಿ ಕೂತು ಬೆಸುಗೆ ಹಾಕಿದವಳು ಹರಿಪ್ರಿಯಾ. ಅಮ್ಮಣ್ಣಿ ಒಳಗೆ ಮಂಚದಿಂದಲೇ ಕಿಟಕಿಯಾಚೆಗೆ ಕೂಗಿ ಹೇಳಿಕೊಟ್ಟರು.

"ಸೀಸಾನ ಬಿಸಿಗೆ ತಾಗಿಸ್ಬೇಡ. ತಂತೀಗೆ ಬಿಸಿ ತಾಗಿಸು, ಸೀಸ ತಾನೇ ಓಡಿ ಬರತ್ತೆ."

"ಓಡಿ ಬರ್ತಿಲ್ಲ ಅತ್ತೆ, ಗೋಲಿ ಥರ ಕೂತಿದೆ."

"ಗಂಡನ್ನ ಕಾಯೋ ಹಾಗೆ ಕಾಯಿ. ಬರತ್ತೆ."

ಸುಜಯೀಂದ್ರ ಪೇಪರಿನ ಹಿಂದಿನಿಂದ ಕೆಮ್ಮಿದ.

ಗಂಟೆಯನ್ನೂ ರಿಲೇಯನ್ನೂ ಆಕ್ಸಿಜನ್ನಿನಿಂದ ದೂರ, ಹಾಲಿನಲ್ಲಿ ಕೋಣೆಯ ಬಾಗಿಲಿನ ಆಚೆ ಕಡೆ ಹೂಡಿಸಿದರು. ಮನೆಯಲ್ಲಿ ಕರೆಂಟ್ ಇರುವಷ್ಟು ಹೊತ್ತೂ ರಿಲೇ ಗಂಟೆಯ ಬಾಯಿ ಕಟ್ಟಿ ಹಿಡಿದಿರುತ್ತಿತ್ತು. ಕರೆಂಟ್ ಹೋದ ಕ್ಷಣ ಅದರ ಹಿಡಿತ ಸಡಿಲಿ ಬ್ಯಾಟರಿ ಗಂಟೆ ಹೊಡೆಯುತ್ತಿತ್ತು. ನಡುವೆ ತಂತಿ ಕಡಿದುಹೋದರೂ ಅಷ್ಟೇ.

ಇಷ್ಟನ್ನು ಯಾವ ಎಲೆಕ್ಟ್ರಿಷಿಯನ್ ಆದರೂ ಮಾಡಿಯಾನು. ಅಮ್ಮಣ್ಣಿ ತಲೆ ಓಡಿಸಿದ್ದು ಗಂಟೆ ನಿಲ್ಲಿಸುವುದರಲ್ಲಿ. ಅದಕ್ಕೆ ಸ್ವಿಚ್ಚೇ ಇಡಿಸಲಿಲ್ಲ. ಗೋಡೆಗೆ ಭಾರಕ್ಕೆ ಬಾಗುವ ಒಂದು ಕೊಕ್ಕೆ ಹೊಡೆಸಿ, ಗಂಟೆಯ ತಂತಿಯನ್ನು ಅದರ ಮೂಲಕ ಹಾಯಿಸಿ, ಅದಕ್ಕೆ ಸಿಲಿಂಡರಿನ ಚಾವಿ ತೂಗುಹಾಕಿಸಿದರು. ಕರೆಂಟ್ ಹೋದ ಮೇಲೆ ಚಾವಿಯ ಭಾರ ಕೊಕ್ಕೆಯ ಮೇಲಿರುವ ತನಕ ಗಂಟೆ ಹೊಡೆಯುತ್ತಲೇ ಇರುತ್ತದೆ. ಚಾವಿಯನ್ನು ತೆಗೆದರೆ ಮಾತ್ರ ನಿಲ್ಲುತ್ತದೆ.

"ಅಲಾರಂ ಬಾಯಿ ಮುಚ್ಚಿಸಿ ಮತ್ತೆ ಮಲಗೋರನ್ನ ಯಾರ್ಡಲ್ಲಿ ಬೇಕಾದಷ್ಟು ನೋಡಿದೀನಿ," ಎಂದರು ಸೊಸೆಗೆ. "ಇದನ್ನ ನಿಲ್ಲಿಸಿದವರ ಕೈಲಿ ಚಾವಿ ಇರತ್ತೆ. ಕೈಲಿ ಚಾವಿ ಇದ್ದೋರು ಸಿಲಿಂಡರ್ ಹತ್ರ ಬಂದೇ ಬರ್ತಾರೆ."

ಮರುದಿನ ಹನ್ನೊಂದಕ್ಕೆ ಕರೆಂಟ್ ಹೋಯಿತು. ಗಂಟೆ ಹೊಡೆದ ರಭಸಕ್ಕೆ ಮೂರು ಮಹಡಿಯ ಕಾಗೆಗಳೆಲ್ಲ ಎದ್ದು ಹಾರಿದವು. ಅಮ್ಮಣ್ಣಿ ಎದ್ದು, ನಾಲ್ಕು ಹೆಜ್ಜೆ ನಡೆದು, ಚಾವಿ ತೆಗೆದು, ಸಿಲಿಂಡರ್ ತಿರುಗಿಸಿ, ಕೊಳವೆ ಬದಲಿಸಿಕೊಂಡರು. ರಜೆ ಹಾಕಿ ಕೂತು ಬೆರಳೆಣಿಸಿ ಕಾಯುತ್ತಿದ್ದ ಸುಜಯೀಂದ್ರನಿಗೆ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಆದರೆ ಎರಡನೆಯ ದಿನವೇ, ಗಂಟೆ ಹೊಡೆಯುತ್ತಿದ್ದಂತೆ ಮೇಲಿನ ಮಹಡಿಯಿಂದ ಅಸೋಸಿಯೇಷನ್ ಕಾರ್ಯದರ್ಶಿ ಜಯರಾಮ ಇಳಿದು ಬಂದರು. ಹೊಸೂರು ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು.

"ಏನಮ್ಮಾ ಇದು, ಫೈರ್ ಸರ್ವೀಸ್ ಆಫೀಸಾ? ಬಿಲ್ಡಿಂಗೇ ಅದಿರ್ತಾ ಇದೆ!"

ಅಮ್ಮಣ್ಣಿ ಆಗ ಕೊಕ್ಕೆಯ ಕಡೆಗೆ ಏಳುತ್ತಿದ್ದವರು, ಏನೋ ಹೊಳೆದು ಹಾಗೆಯೇ ಮಂಚದ ಮೇಲೆ ಕೂತರು.

"ನಿಲ್ಸಿ ಜಯರಾಮ, ನನಗೆ ಏಳಕ್ಕೆ ಆಗ್ತಿಲ್ಲ."

"ಸ್ವಿಚ್ ಎಲ್ಲಿ?"

"ಸ್ವಿಚ್ ಇಲ್ಲ. ಚಾವಿ ತೆಗೀರಿ."

ಜಯರಾಮ ಚಾವಿ ಕಿತ್ತರು. ಗಂಟೆ ನಿಂತಿತು. ಈಗ ಚಾವಿಯನ್ನೇನು ಮಾಡುವುದೆಂದು ತಿಳಿಯದೆ ನಿಂತರು.

"ಮತ್ತೆ ಅಲ್ಲೇ ಹಾಕಿದ್ರೆ ಮತ್ತೆ ಬಡ್ಕೊಳತ್ತೆ. ಇಲ್ಲಿ ತನ್ನಿ. ಸಿಲಿಂಡರ್ ತಲೆಗೆ ಹಾಕಿ, ಎಡಕ್ಕೆ ತಿರುಗಿಸಿ. ಮೆಲ್ಲಗೆ. ಮುಳ್ಳು ಎರಡರ ಹತ್ರ ಬಂತಾ? ಈ ಕೊಳವೆ ಅದಕ್ಕೆ ಹಾಕಿ. ಆಯ್ತು, ದೇವರು ನಿಮಗೆ ಒಳ್ಳೇದು ಮಾಡ್ಲಿ."

ದೂರು ಹೇಳಲು ಬಂದ ಜಯರಾಮ ಆಶೀರ್ವಾದ ತಗೊಂಡು ಹೋದರು. ಮರುದಿನ ಕೆಳಗಿನ ಮನೆಯ ಗುಣವತಿ ಬಂದಳು. ಮಂಡ್ಯದ ಕಡೆಯವಳು, ಕೈಗೂಸು ಇದ್ದವಳು.

"ಅಮ್ಮಣ್ಣಿಯೋರೆ, ಎಂಥ ಗಂಟೆ ಇದು! ನಮ್ ಮಗ ಈಗ್ ತಾನೆ ಕಣ್ ಮುಚ್ಚಿದ್ದ!"

"ಬಾ ತಾಯಿ, ನೀನೇ ಬಂದು ನಿಲ್ಸು."

ಹೀಗೆ ತಿಂಗಳ ಕೊನೆಯ ಭಾನುವಾರದ ಹೊತ್ತಿಗೆ, ಜಗಳಕ್ಕೆಂದು ಮೆಟ್ಟಿಲು ಹತ್ತಿ ಬಂದವರೆಲ್ಲ ಸಿಲಿಂಡರ್ ತಿರುಗಿಸಲು ಕಲಿತು ಇಳಿದಿದ್ದರು.

ಸುಜಯೀಂದ್ರ ಮಾತ್ರ ಜಗ್ಗಲಿಲ್ಲ. ಶನಿವಾರ ಸಂಜೆ ರಾಜೀನಾಮೆ ಪತ್ರವನ್ನು ತಾನೇ ಟೈಪ್ ಮಾಡಿಸಿ ತಂದು ಟೀವಿಯ ಮೇಲಿಟ್ಟ. "ಇವಳು ಸೈನ್ ಹಾಕಿದ್ರೆ ಸಾಕು."

"ಗಂಟೆಯಲ್ಲಿ ಏನು ತಪ್ಪಿದೆ ಹೇಳು," ಎಂದರು ಅಮ್ಮಣ್ಣಿ.

"ಗಂಟೆ ಸರಿಯಾಗೇ ಇದೆ. ನೀನು ಏಳದೇ ಇದ್ರೆ? ನಿಂಗೆ ಜ್ವರ ಇದ್ರೆ? ಆಮೇಲೆ..." ಅವನ ದನಿ ಇಳಿಯಿತು. "ಜನ ಏನಂತಾರೆ? ಸಾಯೋ ತಾಯೀನ ಮನೇಲಿ ಒಬ್ಬಳೇ ಬಿಟ್ಟು ಗಂಡ ಹೆಂಡ್ತಿ ಸಂಪಾದನೆಗೆ ಹೋಗ್ತಾರೆ ಅನ್ನಲ್ವಾ?"

"ಸಾಯೋ ತಾಯಿ ಯಾರೋ?" ಎಂದರು ಅಮ್ಮಣ್ಣಿ. ಅವನು ಎದ್ದುಹೋದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸುಜಯೀಂದ್ರ ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ಕೆಳಗಿಳಿದ. ಮೀಟರ್ ಕೋಣೆಗೆ ಹೋಗುತ್ತಾನೆಂದು ಅಮ್ಮಣ್ಣಿಗೆ ಗೊತ್ತಾಯಿತು. ಹೆತ್ತ ಮಗ, ಎಷ್ಟು ಗುಟ್ಟು ಮಾಡಿಯಾನು? ಪರೀಕ್ಷೆಯಾದರೆ ಪರೀಕ್ಷೆ ಎಂದುಕೊಂಡು ದಿಂಬಿಗೆ ತಲೆಯಿಟ್ಟು ಕಾಲು ಚಾಚಿದರು.

ಯಂತ್ರ ನಿಂತಿತು. ಗಂಟೆ ಹೊಡೆಯಿತು. ಅಡುಗೆಮನೆಯಿಂದ ಹರಿಪ್ರಿಯಾ ಓಡಿ ಬಂದು ಕೊಕ್ಕೆಗೆ ಕೈ ಹಾಕುವಷ್ಟರಲ್ಲಿ ಅಮ್ಮಣ್ಣಿ ಕೈಯೆತ್ತಿದರು.

"ಮುಟ್ಬೇಡ. ನೀನು ಈಗ ಶೋಳಿಂಗನಲ್ಲೂರಲ್ಲಿದ್ದೀ. ಕೂತ್ಕೋ."

"ಅತ್ತೆ, ನೀವಾದ್ರೂ ಏಳಿ..."

"ನಾನು ಏಳಲ್ಲ. ನಾನು ಏಳದೇ ಇದ್ರೆ ಅಂತಾನೇ ಅವನು ಕೇಳಿದ್ದು."

ಹರಿಪ್ರಿಯಾ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಅಮ್ಮಣ್ಣಿ ಮನಸ್ಸಿನಲ್ಲೇ ಉಸಿರೆಣಿಸಿದರು. ಹತ್ತು. ಇಪ್ಪತ್ತು. ಎದೆಯ ಮೇಲೆ ಯಾರೋ ಅಕ್ಕಿಮೂಟೆ ಇಳಿಸಿದ ಹಾಗಾಯಿತು. ಬೇರೆ ಮನೆಗಳಲ್ಲೆಲ್ಲ ಕರೆಂಟ್ ಇತ್ತು. ಟೀವಿಗಳು ಜೋರಾಗಿ ಹಾಡುತ್ತಿದ್ದವು, ಯಾರದೋ ಮಿಕ್ಸಿ ಅರೆಯುತ್ತಿತ್ತು. ಈ ಸದ್ದಿನಲ್ಲಿ ಕೇಳಿಸದೇ ಹೋದರೆ? ಕೇಳಿಸಿಯೂ, ಮುದುಕಿಯ ಗಂಟೆ ದಿನಾ ಇರುವುದೇ ಎಂದುಕೊಂಡರೆ? ಮೊದಲ ಬಾರಿಗೆ ಅವರಿಗೆ ಹೆದರಿಕೆಯಾಯಿತು. ನಲವತ್ತು. ಹರಿಪ್ರಿಯಾ ಅರ್ಧ ಎದ್ದಳು. ಅಮ್ಮಣ್ಣಿ ಮಾತಾಡಲಾಗದೆ ತಲೆಯನ್ನಷ್ಟೇ ಅಲ್ಲಾಡಿಸಿದರು.

ಧಡಧಡ ಎಂದು ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು. ಸುಮ್ಮನೆ ಒರಗಿಸಿದ್ದ ಬಾಗಿಲನ್ನು ತಳ್ಳಿಕೊಂಡು ಜಯರಾಮ ಬಂದರು, ಅರ್ಧ ಮುಖಕ್ಕೆ ಶೇವಿಂಗ್ ನೊರೆ ಹಾಗೇ ಇತ್ತು. ಹಿಂದೆಯೇ ಸೊಂಟದಲ್ಲಿ ಮಗು ಹೊತ್ತ ಗುಣವತಿ.

"ನಮ್ಮನೇಲಿ ಕರೆಂಟ್ ಐತೆ, ಇಲ್ಯಾಕ್ ಹೊಡೀತದೆ ಅಂತ ಗಾಬ್ರಿ ಆಯ್ತು!" ಎನ್ನುತ್ತಲೇ ಗುಣವತಿ ಮಗುವನ್ನು ಹರಿಪ್ರಿಯಾಳ ಮಡಿಲಿಗೆ ಹಾಕಿ, ಯಂತ್ರದಿಂದ ಕೊಳವೆ ಕಿತ್ತಳು. ಜಯರಾಮ ಚಾವಿ ತೆಗೆದು ಸಿಲಿಂಡರ್ ತಿರುಗಿಸಿದರು. ಗಂಟೆ ನಿಂತು, ಕೊಳವೆಯಲ್ಲಿ ಗಾಳಿ ಸುಯ್ಯೆಂದಿತು. ಅಮ್ಮಣ್ಣಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

ಎಲ್ಲರಿಗಿಂತ ಕೊನೆಗೆ ಬಂದವನು ಸುಜಯೀಂದ್ರ. ಮೀಟರ್ ಕೋಣೆಯ ಬಾಗಿಲಲ್ಲೇ ನಿಂತು, ಗಂಟೆ ಈಗ ನಿಂತೀತು, ಆಗ ನಿಂತೀತು ಎಂದು ಕಾದು, ನಿಲ್ಲದ್ದನ್ನು ಕಂಡು ಕಂಗಾಲಾಗಿ ಓಡಿ ಬಂದಿದ್ದ.

"ಎಲ್ಲೋಗಿದ್ರಿ ಸಾರ್? ನಿಮ್ ತಾಯಿ ಇಲ್ಲಿ..." ಎಂದು ಬೈಯಲು ಶುರುಮಾಡಿದ ಗುಣವತಿ, ಅವನ ಕೈಯಲ್ಲಿದ್ದ ಫ್ಯೂಸ್ ನೋಡಿ ಬಾಯಿ ಮುಚ್ಚಿದಳು.

"ಅಮ್ಮಾ, ಯಾಕೆ ಏಳಲಿಲ್ಲ?" ಎಂದ ಅವನು.

ಅಮ್ಮಣ್ಣಿ ಸಾಕಷ್ಟು ಉಸಿರು ಕೂಡಿಸಿಕೊಂಡರು. "ನಿನ್ನೆ ಏನೋ ಹೇಳ್ತಿದ್ದೆಯಲ್ಲ, ಜನ ಏನಂತಾರೆ ಅಂತ. ಜನ ಇಲ್ಲೇ ಇದಾರೆ. ಕೇಳು."

ಜಯರಾಮರಿಗೆ ವಿಷಯ ಅರ್ಥವಾಗಲಿಲ್ಲ. "ನಾವೇನಂತೀವಿ? ಗಂಟೆ ಸ್ವಲ್ಪ ಕಮ್ಮಿ ಹೊಡಿಯೋ ಹಾಗೆ ಮಾಡಿ ಅಂತೀವಿ."

"ಆಗಲ್ಲ," ಎಂದರು ಅಮ್ಮಣ್ಣಿ.

"ಆಗಲ್ಲ ಅಂದ್ರೆ ಆಗಲ್ಲ, ಸೆರಿ," ಎಂದು ಜಯರಾಮ ನೊರೆ ಒರೆಸಿಕೊಂಡರು. "ಹಗಲು ನಾನು ಮನೇಲೇ ಇರ್ತೀನಿ. ಇನ್ನೆಲ್ಲಿ ಹೋಗ್ಲಿ?"

ಹರಿಪ್ರಿಯಾ ಮಗುವನ್ನು ಗುಣವತಿಗೆ ಕೊಟ್ಟು ಎದ್ದಳು. ಟೀವಿಯ ಮೇಲಿದ್ದ ಪತ್ರ ತೆಗೆದು ಗಂಡನ ಜೇಬಿಗೆ ತುರುಕಿದಳು. "ನಾಳೆ ನಾನು ಹೋಗ್ತೀನ್ರೀ," ಎಂದಳು. ಅವಳು ಕೇಳಲಿಲ್ಲ, ಹೇಳಿದಳು. ಅವನು ಜೇಬನ್ನು ಮುಟ್ಟಿ ನೋಡಿಕೊಂಡನೇ ಹೊರತು ಇಲ್ಲವೆನ್ನಲಿಲ್ಲ.

"ಇಡೀ ಬಿಲ್ಡಿಂಗಲ್ಲಿ ಇದನ್ನ ತಿರುಗಿಸಕ್ಕೆ ಬರ್ದೇ ಇರೋನು ನೀನೊಬ್ಬನೇ ಸುಜಿ," ಎಂದರು ಅಮ್ಮಣ್ಣಿ. "ರಜೆ ಹಾಕಿ ಕೂತಿದ್ಯೇ ಹೊರತು ಒಂದ್ ದಿನಾನೂ ಮುಟ್ಟಲಿಲ್ಲ. ಮೊದ್ಲು ಫ್ಯೂಸ್ ಹಾಕಿ ಬಾ. ಆಮೇಲೆ ಕಲಿ."

ಅವನು ಫ್ಯೂಸ್ ಹಾಕಿದ ಮೇಲೆ ಜಯರಾಮ ಕೊಳವೆಯನ್ನು ಯಂತ್ರಕ್ಕೆ ಮರಳಿಸಿ ಸಿಲಿಂಡರ್ ಮುಚ್ಚಿದರು. ಅವನು ಬಂದು ಚಾವಿಗೆ ಕೈಚಾಚಿದ. ಸಿಲಿಂಡರಿನ ಮುಂದೆ ಮಂಡಿಯೂರಿ ತಿರುಗಿಸಲು ಹೊರಟಾಗ ಗುಣವತಿ ತಡೆಯಲಾರದೆ ನಕ್ಕಳು.

"ಎಡಕ್ಕೆ ಸಾರ್, ಎಡಕ್ಕೆ!"

ಹಾಲಿನಲ್ಲಿ ಹರಿಪ್ರಿಯಾ ಕ್ಯಾಬ್ ಡ್ರೈವರಿಗೆ ಫೋನ್ ಮಾಡಿ, ನಾಳೆ ಎಂಟೂಕಾಲಿಗೇ ಬರಬೇಕೆಂದು, ತಡಮಾಡಬಾರದೆಂದು ಜೋರುದನಿಯಲ್ಲಿ ಹೇಳುತ್ತಿದ್ದಳು.