ತೊಳೆದಿಟ್ಟ ಊರು

ಸಂಶೋಧಕಿ ದೇವಿಕಾ ಎರಡು ವರ್ಷ ಅಲೆದು ನಾನೂರ ಹನ್ನೆರಡು ಜನರಿಂದ ಕೊಳವೆ ಊದಿಸಿ ಅವರ ಉಸಿರಿನ ಬಲ ಅಳೆದಿದ್ದಳು. ಎಲ್ಲರೂ ಹೊಸಪೇಟೆ–ಸಂಡೂರು ದಾರಿಯವರು, ಹಗಲಿರುಳು ಅದಿರು ಲಾರಿಗಳ ಕೆಂಪು ಧೂಳು ಕುಡಿದವರು. ಮೂವರಲ್ಲಿ ಒಬ್ಬರ ಶ್ವಾಸಕೋಶ ಕೆಟ್ಟಿತ್ತು. ವೈದ್ಯಕೀಯ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿ ಕೈತೊಳೆದುಕೊಂಡಿತು. ಸರ್ಕಾರಕ್ಕೆ ಕಳಿಸಿದ ಪ್ರತಿಯನ್ನು ಯಾರೂ ತೆರೆಯಲಿಲ್ಲ. ಇಂಗ್ಲಿಷಿನ ನಲವತ್ತು ಪುಟ, ತೆರೆದಿದ್ದರೂ ಮುಚ್ಚುತ್ತಿದ್ದರು. ಕಾಡಿ ಬೇಡಿದ ಮೇಲೆ ಬೆಂಗಳೂರಿನ ಸಮಿತಿಯೊಂದು ಆ ದಾರಿಯ ಒಂದು ಊರಿಗೆ ಬಂದು ಕಣ್ಣಾರೆ ನೋಡಲು ಒಪ್ಪಿತು. ಅವರು ಬರೆದುಕೊಟ್ಟರೆ ಲಾರಿಗಳಿಗೆ ಊರ ಹೊರಗೆ ಬೇರೆ ರಸ್ತೆ, ಇಲ್ಲದಿದ್ದರೆ ಇಲ್ಲ.

ಸಮಿತಿ ಬರುವ ಹಿಂದಿನ ದಿನ ಅವಳು ಆ ಊರಿನ ನಿಂಗಕ್ಕನ ಮನೆಯ ಕಟ್ಟೆಯ ಮೇಲೆ ಜನರನ್ನು ಕೂಡಿಸಿದಳು. ಪಟ್ಟಿಯಲ್ಲಿ ಎಲ್ಲರಿಗಿಂತ ಕಡಿಮೆ ಊದಿದವಳು ಈ ನಿಂಗಕ್ಕನೇ. ಹತ್ತು ಹೆಜ್ಜೆ ನಡೆದರೆ ನಿಂತು ಸುಧಾರಿಸಿಕೊಳ್ಳಬೇಕು.

"ದೊಡ್ಡ ಸಾಹೇಬ್ರು ಬರ್ತಾರ. ನನ್ನ ಅಂಕಿ ನಂಬದಿದ್ರೂ ನಿಮ್ಮನ್ನ ನೋಡಿದ್ರ ನಂಬ್ತಾರ," ಎಂದಳು ದೇವಿಕಾ.

"ನೀ ಭಾಳ ಚಿಂತಿ ಮಾಡಬ್ಯಾಡವ್ವ. ನಿನಗ ತಲಿ ತಗ್ಗಿಸೋ ಹಂಗ ಮಾಡಂಗಿಲ್ಲ ನಾವು," ಎಂದಳು ನಿಂಗಕ್ಕ.

ದೇವಿಕಾ ನೆಮ್ಮದಿಯಿಂದ ಮನೆಗೆ ಹೋದಳು. ಕಂಪ್ಲಿ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳಿಗೆ ಆ ಮಾತಿನ ಅರ್ಥ ಅಲ್ಲೇ ಹೊಳೆಯಬೇಕಿತ್ತು. ಓದು ಹೆಚ್ಚಾದರೆ ಮನೆಯ ರೀತಿ ಮರೆಯುತ್ತದೇನೋ.

ಮರುದಿನ ಅವಳು ಸಮಿತಿಯ ಕಾರಿನಿಂದ ಇಳಿದು ಸುತ್ತ ನೋಡಿದಳು. ಊರು ಫಳಫಳ ಹೊಳೆಯುತ್ತಿತ್ತು. ಗೋಡೆಗಳಿಗೆ ಸುಣ್ಣ, ಅಂಗಳಕ್ಕೆ ಸಗಣಿ ಸಾರಣೆ, ರಂಗೋಲಿ. ರಸ್ತೆಗೆ ಎರಡು ಟ್ಯಾಂಕರ್ ನೀರು ಹೊಡೆದಿದ್ದರು. ಬೇವಿನ ಮರವನ್ನೂ ಬಿಟ್ಟಿರಲಿಲ್ಲ, ಅದಕ್ಕೂ ಸ್ನಾನವಾಗಿತ್ತು. ಸಾಹೇಬರ ಬಿಳಿ ಅಂಗಿ ಕೆಡಬಾರದೆಂದು ಎರ್ರಿಯಪ್ಪನೆಂಬ ಊರ ಹಿರಿಯನೊಬ್ಬ ಲಾರಿ ಡ್ರೈವರುಗಳ ಕೈಕಾಲು ಹಿಡಿದು, ಒಂದು ತಾಸು ಲಾರಿಗಳನ್ನು ಊರಾಚೆ ನಿಲ್ಲಿಸಿದ್ದ.

ಸಮಿತಿಯ ಅಧ್ಯಕ್ಷರು ಕೆಟ್ಟವರಲ್ಲ. ನಿಂಗಕ್ಕನ ಮುಂದೆ ಬಾಗಿ, "ಹೇಗಿದ್ದೀರಮ್ಮ? ಏನಾದರೂ ತೊಂದರೆ ಇದೆಯೆ?" ಎಂದು ಕೇಳಿದರು.

ನಿಂಗಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು. ಅವಳ ಕತ್ತಿನ ನರ ಉಬ್ಬಿದ್ದು ದೇವಿಕಾಗೆ ಕಾಣುತ್ತಿತ್ತು. ಆಮೇಲೆ ಸೆರಗು ತೆಗೆದು ನಕ್ಕಳು. "ನಿಮ್ಮ ದಯದಿಂದ ಆರಾಮ ಅದೀವ್ರಿ. ಬರ್ರಿ, ಕುಂದ್ರಿ, ಚಾ ಕುಡೀರಿ."

"ಸರ್, ಇವರ ಶ್ವಾಸಕೋಶ ಅರ್ಧದಷ್ಟೂ ಕೆಲಸ ಮಾಡುತ್ತಿಲ್ಲ, ನನ್ನ ವರದಿಯಲ್ಲಿ..." ದೇವಿಕಾ ನಡುವೆ ಬಾಯಿ ಹಾಕಿದಳು.

"ಅವರೇ ಹೇಳುತ್ತಿದ್ದಾರಲ್ಲಮ್ಮ," ಎಂದು ಅಧ್ಯಕ್ಷರು ಏನನ್ನೋ ಬರೆದುಕೊಂಡರು. ಚಹಾ ಕುಡಿದು, ಊರಿನ ಅಚ್ಚುಕಟ್ಟನ್ನು ಹೊಗಳಿ ಹೊರಟರು.

ಕಾರು ತಿರುವು ದಾಟಿದ್ದೇ ತಡ, ನಿಂಗಕ್ಕ ಕಟ್ಟೆ ಹಿಡಿದು ಕುಸಿದಳು. ಒಂದು ತಾಸಿನ ಕೆಮ್ಮು ಒಟ್ಟಿಗೇ ಬಂತು. ಅತ್ತ ತಡೆದಿಟ್ಟ ಲಾರಿಗಳೂ ಒಂದರ ಹಿಂದೊಂದು ಬಂದವು, ರಂಗೋಲಿ ನೋಡನೋಡುತ್ತ ಕೆಂಪಾಯಿತು. ದೇವಿಕಾ ಅವಳ ಬೆನ್ನು ನೀವುತ್ತ ಕೂತಳು. ಅಳು ಉಕ್ಕಿ ಬರುತ್ತಿತ್ತು. ಎರಡು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದಂತಾಗಿತ್ತು, ಸಿಟ್ಟು ಮಾಡೋಣವೆಂದರೆ ಇವರ ಮೇಲೆ ಹೇಗೆ ಮಾಡುವುದು?

ನಿಂಗಕ್ಕ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಸಾಹೇಬ್ರ ಮುಂದ ಒಂದ್ಸಲನೂ ಕೆಮ್ಮಲಿಲ್ಲ ನೋಡವ್ವ," ಎಂದಳು. "ನಿನ್ನ ಮಾನ ಉಳಿಸೀನಿ."